ನೀಲವ್ವ ತರಬೇತಿ ಬಿಟ್ಟ ವರ್ಷ

ತಂಗಿಯ ಮಗಳ ಮದುವೆಗೆ ಸೀರೆ ಕೊಳ್ಳಲೆಂದು ಹೋದ ವರ್ಷ ಇಳಕಲ್ಲಿಗೆ ಹೋಗಿದ್ದೆ. ಅಂಗಡಿಯವರು ಸೀರೆಗಳನ್ನು ಮಡಚಿ ಕಟ್ಟುವ ತನಕ ಹೊರಗೆ ಕಟ್ಟೆಯ ಮೇಲೆ ಕುಳಿತೆ. ಆಗ ಪಕ್ಕದ ಓಣಿಯಿಂದ ತುಸು ಹುಳಿ ಬೆರೆತ ಬಿಸಿ ವಾಸನೆಯೊಂದು ಬಂತು. ಎಲ್ಲೋ ನೂಲಿಗೆ ಹಚ್ಚುವ ಗಂಜಿ ಕುದಿಯುತ್ತಿತ್ತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಅಂಗಡಿ, ಮದುವೆ, ಜೊತೆಗೆ ಬಂದಿದ್ದ ತಂಗಿ ಎಲ್ಲ ಮರೆತುಹೋಯಿತು. ಅದೇ ಊರಿನ ಒಂದು ಹಳೆಯ ಮನೆಯ ಅಂಗಳ ಕಣ್ಣ ಮುಂದೆ ಬಂದು ನಿಂತಿತು. ಕರ್ನಾಟಕ ಒಂದಾದ ವರ್ಷ ಅದು. ನನಗಾಗ ಇಪ್ಪತ್ತನಾಲ್ಕರ ಪ್ರಾಯ.

ನಾನು ಬಾಗಲಕೋಟೆಯ ಸಾಲಿ ಮಾಸ್ತರರೊಬ್ಬರ ಮಗಳು. ಅಪ್ಪ ನನ್ನನ್ನು ಮುಂಬಯಿಗೆ ಕಳಿಸಿ ಸಮಾಜಕಾರ್ಯ ಕಲಿಸಿದ್ದರು. ಅದು ಎಂಥ ಓದು ಎಂಬುದು ನಮ್ಮ ಬಳಗಕ್ಕೆ ಕಡೆಯತನಕ ಬಗೆಹರಿಯಲಿಲ್ಲ. ಡಾಕ್ಟರ್ ಅಲ್ಲ, ವಕೀಲೆ ಅಲ್ಲ, ಸಾಲಿಯಲ್ಲಿ ಕಲಿಸುವವಳೂ ಅಲ್ಲ. "ಮಂದಿಗೆ ಛಲೋ ಮಾಡ್ಲಿಕ್ಕೆ ಕಾಲೇಜ್ ಯಾಕ ಬೇಕ?" ಎಂದು ಅವ್ವನ ತಂಗಿ, ನನ್ನ ಮೌಶಿ, ಎಲ್ಲರೆದುರು ಕೇಳಿದ್ದಳು. "ಛಲೋ ಮಾಡ್ಲಿಕ್ಕೆ ಹೋಗಿ ಕೆಡಿಸಿ ಬರಬಾರದಲ್ಲ, ಅದಕ್ಕ ಕಲೀಬೇಕು" ಎಂದಿದ್ದರು ಅಪ್ಪ.

ಆಗಿನ್ನೂ ನಾವು ಮುಂಬಯಿ ರಾಜ್ಯದವರು. ಹಳ್ಳಿಗಳ ಏಳಿಗೆಗೆಂದು ಸರ್ಕಾರ ಅಲ್ಲಲ್ಲಿ ಬ್ಲಾಕುಗಳನ್ನು ತೆರೆದಿತ್ತು. ನಮ್ಮ ಸೀಮೆಯ ಬ್ಲಾಕಿನ ಕಚೇರಿ ಹುನಗುಂದದಲ್ಲಿತ್ತು. ಅವರು ಸುತ್ತಲ ಊರುಗಳಿಂದ ಓದು ಬರೆಹ ಬಲ್ಲ ಹೆಣ್ಣುಮಕ್ಕಳನ್ನು ಆರಿಸಿ, ಒಂದು ವರ್ಷ ತರಬೇತಿ ಕೊಟ್ಟು, ಗ್ರಾಮಸೇವಿಕೆಯರನ್ನಾಗಿ ಹಳ್ಳಿಗಳಿಗೆ ಕಳಿಸುವ ಯೋಜನೆ ಹಾಕಿದರು. ಅದಕ್ಕಾಗಿ ಇಳಕಲ್ಲಿನ ನೇಕಾರರ ಓಣಿಯಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದರು. ಕಲಿಸಲು ಬಂದವರು ಡೆನ್ಮಾರ್ಕ್ ದೇಶದ ಮಿಸ್ ಕಾರಿನ್. ಮುಂಬಯಿಯಲ್ಲಿ ನನಗೆ ಪಾಠ ಹೇಳಿದ್ದವರು. ತಾವು ಕಲಿಸುವ ವಿದ್ಯೆ ಹಳ್ಳಿಯಲ್ಲಿ ನಡೆಯುತ್ತದೋ ಇಲ್ಲವೋ ನೋಡಿಯೇಬಿಡಬೇಕೆಂದು ತಾವಾಗಿ ಕೇಳಿ ಬಂದಿದ್ದರು. ಅವರ ಇಂಗ್ಲಿಷನ್ನು ಕನ್ನಡಕ್ಕೆ ತರಲು, ಜೊತೆಗೆ ಪಾಠ ಹೇಳಲು ನನ್ನನ್ನು ಕರೆಸಿಕೊಂಡರು.

ಬಂದ ದಿನ "ಇವರು ಕಾರಿನ್ ಅಂತ" ಎಂದು ನಾನು ಪರಿಚಯ ಮಾಡಿಕೊಟ್ಟೆ. ಎದುರು ಮನೆಯ ಮುದುಕಿ ಓಣಿಯ ಉದ್ದಕ್ಕೂ ಕಣ್ಣಾಡಿಸಿ, "ಯಾವ ಕಾರಿನವ್ವಾ? ಕಾರು ಎಲ್ಲೈತಿ?" ಎಂದು ಕೇಳಿದಳು. ಪಾಪ, ಅವರು ಬಂದದ್ದು ಬಸ್ಸಿನಲ್ಲಿ, ಟ್ರಂಕಿನ ಮೇಲೆ ಕುಳಿತು. ಅಂದಿನಿಂದ ಅವರು ಓಣಿಗೆಲ್ಲ ಕಾರಿನಕ್ಕ ಆದರು. ಐವತ್ತು ದಾಟಿದ, ನೆಟ್ಟಗೆ ಬೆಳೆದ ಹೆಂಗಸು. ನಮ್ಮ ಮನೆಗಳ ಬಾಗಿಲು ಅವರ ಹಣೆಗೆ ಹೊಡೆಯದ ವಾರವಿರಲಿಲ್ಲ.

ಜೂನಿನಲ್ಲಿ ಮಿರಗದ ಮಳೆ ಬಿದ್ದು ಓಣಿಯಲ್ಲಿ ನೀರು ಹರಿದ ದಿನ ತರಬೇತಿಯ ಹೆಣ್ಣುಮಕ್ಕಳು ಬರತೊಡಗಿದರು. ಶಿರೂರಿನವರು, ಗುಳೇದಗುಡ್ಡದವರು, ಬಾದಾಮಿಯ ಕಡೆಯವರು. ಗುಡೂರಿನಿಂದ ಬಂದವಳು ನೀಲವ್ವ. ಒಕ್ಕಲುತನದ ಲಿಂಗಾಯತರ ಮನೆಯ ಸೊಸೆ. ಗಂಡ ಜ್ವರದಲ್ಲಿ ತೀರಿಕೊಂಡಿದ್ದ. ಚನ್ನಿ ಎಂಬ ನಾಲ್ಕು ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು.

"ಮನಿಯವರು ಹ್ಯಾಂಗ ಕಳಿಸಿದ್ರು ನಿನ್ನ?" ಎಂದು ಕೇಳಿದೆ.

"ಮಾವ ಒಲ್ಲೆ ಅಂದ್ರು. ಅತ್ತಿ ಕಳಿಸ್ಯಾರ್ರಿ. 'ನಾ ಒಲೀ ಮುಂದ ಮುದಿಕಿ ಆದೆ, ನೀ ಆಗಬ್ಯಾಡ. ಕೂಸನ್ನ ನಾ ನೋಡ್ಕೋತೇನಿ, ನೀ ಕಲ್ತು ಬಾ' ಅಂದ್ರು."

ಹಾಗೆ ಹೇಳುವಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಕಪ್ಪಗಿನ, ಸಣಕಲು ಮೈಯ ಹುಡುಗಿ. ಹಣೆಗೆ ವಿಭೂತಿ, ತಲೆ ತುಂಬ ಸೆರಗು. ಮೊದಲ ಕೆಲವು ದಿನ ಅವಳ ಬಾಯಿಂದ ಮಾತು ಹೊರಡಿಸುವುದೇ ಕಷ್ಟವಾಗಿತ್ತು.

ಪಾಠ ಹೇಳುವುದು ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ನಾನು ಕಲಿತು ಬಂದ ಮಾತುಗಳಿಗೆ ಕನ್ನಡದಲ್ಲಿ ಹೆಸರೇ ಇರಲಿಲ್ಲ. 'ಕೇಸ್' ಎಂದ ಕೂಡಲೇ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೋರ್ಟಿನ ಕೇಸೇನ್ರಿ ಅಕ್ಕೋರ? ಯಾರ ಮ್ಯಾಲ ಹಾಕೂದು?" ಎಂದಳು ಶಿರೂರಿನವಳು.

ಅಲ್ಲ, ನೆರವು ಬೇಕಾದ ಒಬ್ಬರ ಬದುಕಿನ ವಿವರವೆಂದು ತಿಳಿಸಿ ಹೇಳಲು ಇಡೀ ಮುಂಜಾನೆ ಹಿಡಿಯಿತು. ಕಡೆಗೆ ಎಲ್ಲರೂ ಸೇರಿ 'ಒಬ್ಬರ ಸಂಗತಿ' ಎಂದು ಇಟ್ಟುಕೊಂಡೆವು. ಮುಂದೆ ದೊಡ್ಡ ದೊಡ್ಡ ಪಾರಿಭಾಷಿಕ ಪದಗಳು ಬಂದವು. ನಾನೇ ಕಾಲೇಜಿನಲ್ಲಿ ಅವನ್ನು ವರ್ಷಗಟ್ಟಲೆ ಬಳಸಿದೆ. ಆದರೂ ಪಾಠ ಹೇಳುವಾಗ ಒಳಗೊಳಗೆ 'ಒಬ್ಬರ ಸಂಗತಿ' ಎಂದೇ ಅಂದುಕೊಳ್ಳುತ್ತಿದ್ದೆ.

ಮಧ್ಯಾಹ್ನ ಓಣಿಯ ಮನೆಗಳಿಗೆ ಹೋಗುತ್ತಿದ್ದೆವು. ಹೆಂಗಸರು ನೂಲಿನ ಕೆಲಸಕ್ಕೆ ಕುಳಿತಾಗ ಸಣ್ಣ ಮಕ್ಕಳು ಎಲ್ಲಿರುತ್ತವೆ, ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಕಾರಿನಕ್ಕ ಅಭ್ಯಾಸ ಮಾಡುತ್ತಿದ್ದರು. ಮೊದಲ ಮನೆಯಲ್ಲಿಯೇ ಅಂಬೆಗಾಲಿಡುವ ಕೂಸೊಂದನ್ನು ಹಳೆಯ ಸೀರೆಯ ಅಂಚಿನಿಂದ ಕಂಬಕ್ಕೆ ಕಟ್ಟಿದ್ದರು. ಅದನ್ನು ಕಂಡು ಕಾರಿನಕ್ಕನ ಮುಖ ಸಿಟ್ಟಿಗೆ ಕೆಂಪಾಯಿತು. ಕೂಸಿನ ತಾಯಿ, ನೇಯುವವರು ಕಾಲು ಇಳಿಬಿಡುವ ಮಗ್ಗದ ಗುಂಡಿಯ ಕಡೆ ಕೈ ತೋರಿಸಿ, "ಬಿಟ್ರ ಅದರಾಗ ಬೀಳತೈತ್ರಿ" ಎಂದಳು. ಕಾರಿನಕ್ಕ ಗುಂಡಿಯನ್ನು ನೋಡಿದರು, ಕೂಸನ್ನು ನೋಡಿದರು, ಕೂಸನ್ನು ಬಿಚ್ಚಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಪ್ರಶ್ನೆ ಕೇಳಿದರು.

ಪ್ರಶ್ನೆಗಳಿಗೆ ಓಣಿಯವರು ಸುಮ್ಮನೆ ಉತ್ತರ ಕೊಡುತ್ತಿರಲಿಲ್ಲ. ಒಂದು ಕೇಳಿದರೆ ತಾವೂ ಒಂದು ಕೇಳುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ, ತಾಯಿ ಇದ್ದಾಳೋ, ಅವಳನ್ನು ಯಾರು ನೋಡಿಕೊಳ್ಳುತ್ತಾರೆ, ಅಷ್ಟು ದೂರ ಬರುವಾಗ ಅವಳು ಅತ್ತಳೋ. ನನಗೆ ಮುಜುಗರವಾಗುತ್ತಿತ್ತು. ಕಾರಿನಕ್ಕ ಮಾತ್ರ ಎಲ್ಲಕ್ಕೂ ಉತ್ತರ ಕೊಟ್ಟರು. ತಾಯಿ ವೃದ್ಧರ ಮನೆಯೊಂದರಲ್ಲಿದ್ದಾಳೆ ಎಂದಾಗ ಹೆಂಗಸರ ಕೈ ಒಂದು ಗಳಿಗೆ ನಿಂತಿತು.

ತರಬೇತಿಯ ಮನೆಯ ಪಡಸಾಲೆಯಲ್ಲಿಯೇ ನಾವು ಓಣಿಯ ಮಕ್ಕಳಿಗಾಗಿ ಬಾಲವಾಡಿ ಹಾಕಿದೆವು. ತಾಯಂದಿರಿಗೇನೋ ಖುಷಿಯಾಯಿತು, ಅಜ್ಜಿಯರಿಗೆ ಸಂಶಯ. ಬಾಗಿಲ ಹೊರಗೆ ನಿಂತು, ಒಳಗೆ ಮಗುವಿಗೆ ಏನು ಮಾಡುತ್ತಾರೋ ಎಂದು ಕತ್ತು ಚಾಚಿ ನೋಡುತ್ತಿದ್ದರು. ನಾನು ಅವರಿಗೆ ಬಾಲವಾಡಿಯ ಉಪಯೋಗದ ಮೇಲೆ ಭಾಷಣ ಮಾಡಿದೆ. ನೀಲವ್ವ ಒಂದು ಚಾಪೆ ತಂದು ಹಾಸಿ, "ಆಯಿ, ಹೊರಗ್ಯಾಕ ನಿಂತೀರಿ? ಒಳಗ ಬಂದು ಕುಂದರ್ರಿ. ಈ ಹುಡುಗರಿಗೆ ಎದುರಿಗೆ ನಿಮ್ಮ ಮಾರಿ ಕಾಣಬೇಕು" ಎಂದಳು. ನಾಲ್ಕು ಮಂದಿಯೆದುರು ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಶ್ರಾವಣ ಮುಗಿಯುವಷ್ಟರಲ್ಲಿ ಅವಳ ಸುತ್ತ ಮಕ್ಕಳೂ ಮುದುಕಿಯರೂ ಕೂಡಿಯೇ ಇರುತ್ತಿದ್ದರು. ಹಾಡು ಹೇಳುವುದು, ಜಗಳ ಬಿಡಿಸುವುದು, ಸಿಂಬಳ ಒರೆಸುವುದು ಎಲ್ಲ ಒಂದೇ ಓಘದಲ್ಲಿ ಮಾಡುತ್ತಿದ್ದಳು. ಕಾರಿನಕ್ಕ ಒಂದು ಸಂಜೆ ನನಗೆ ಇಂಗ್ಲಿಷಿನಲ್ಲಿ, "ಇವಳಿಗೆ ನಾನು ಕಲಿಸುವುದಕ್ಕಿಂತ ಇವಳ ಕೆಲಸ ಕೆಡಿಸದಂತೆ ನೋಡಿಕೊಳ್ಳಬೇಕು" ಎಂದರು.

ಅದೇ ದಿನಗಳಲ್ಲಿ ಒಂದು ಪಾಠದ ಮೇಲೆ ದೊಡ್ಡ ವಾದವಾಯಿತು. ಸಮಾಜಕಾರ್ಯದವರು ಯಾರ ಮೇಲೂ ತಮ್ಮ ಇಷ್ಟ ಹೇರಬಾರದು. ಇರುವ ದಾರಿಗಳನ್ನು ತೋರಿಸಬಹುದು, ಆರಿಸುವವರು ಅವರೇ. ನಮ್ಮ ವಿದ್ಯೆಯ ಮೊದಲ ಪಾಠವದು. ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದ್ದೇ ತಡ, ಗುಳೇದಗುಡ್ಡದವಳು ಎದ್ದು ನಿಂತಳು.

"ಅಕ್ಕೋರ, ಒಲೀ ಮ್ಯಾಲ ಏನು ಇಡಬೇಕು ಅನ್ನೂದೂ ನಮ್ಮತ್ತಿ ಹೇಳ್ತಾಳ. ನಿರ್ಧಾರ ಮಾಡು ಅಂತ ನಾ ಯಾರಿಗೆ ಹೋಗಿ ಹೇಳ್ಲಿ?"

ಎಲ್ಲರೂ ಜೋರಾಗಿ ನಕ್ಕರು. ನಾನು ಅನುವಾದ ಮಾಡಿದೆ. ಕಾರಿನಕ್ಕ ನಗಲಿಲ್ಲ. ಇದು ಒಳ್ಳೆಯ ಪ್ರಶ್ನೆ, ನನಗೆ ಉತ್ತರ ಗೊತ್ತಿಲ್ಲ, ವರ್ಷ ಮುಗಿಯುವುದರೊಳಗೆ ಎಲ್ಲರೂ ಸೇರಿ ಹುಡುಕೋಣ ಎಂದರು. ಕಲಿಸುವವರು ಗೊತ್ತಿಲ್ಲ ಎಂದದ್ದನ್ನು ಆ ಹೆಣ್ಣುಮಕ್ಕಳು ಮೊದಲ ಸಲ ಕೇಳಿದ್ದರು. ನಾನು ಕೂಡ.

ಮಹಾನವಮಿಯ ಹೊತ್ತಿಗೆ ಹುನಗುಂದದಿಂದ ಬ್ಲಾಕಿನ ಸಾಹೇಬರು ಬಂದರು. ಮನುಷ್ಯ ಒಳ್ಳೆಯವರು, ಸದಾ ಅವಸರ, ಸದಾ ಬೆವರು. ಬೇರೆ ಬೇರೆ ದೇಶಗಳಲ್ಲಿ ಸಮಾಜಕಾರ್ಯ ಕಲಿಸುವ ಪ್ರಾಧ್ಯಾಪಕರ ತಂಡವೊಂದು ಮುಂಬಯಿಗೆ ಬರುವುದಿದೆ, ಅಲ್ಲಿಂದ ನಮ್ಮ ತರಬೇತಿಯನ್ನು ನೋಡಲು ಬರುತ್ತದೆ ಎಂದು ಸುದ್ದಿ ತಂದಿದ್ದರು. ಅವರಿಗೆ ಮೆಚ್ಚಿಗೆಯಾದರೆ ತರಬೇತಿ ಮುಂದುವರಿಯುತ್ತದೆ. ಇಲ್ಲವಾದರೆ ಈ ವರ್ಷಕ್ಕೇ ಮುಗಿಯಬಹುದು. ಬಾಲವಾಡಿಯನ್ನು ನೋಡಿ ಸಾಹೇಬರು ಅಲ್ಲಿಯೇ ತೀರ್ಮಾನ ಮಾಡಿಬಿಟ್ಟರು. "ಬಂದವರ ಮುಂದ ಈ ನೀಲವ್ವನೇ ಬಾಲವಾಡಿ ನಡಸಿ ತೋರಿಸಬೇಕು. ಮತ್ತ್ಯಾರೂ ಬ್ಯಾಡ."

ನೀಲವ್ವ ತಲೆ ತಗ್ಗಿಸಿಕೊಂಡಳು. ಆದರೆ ಅವಳ ಮುಖದಲ್ಲಿ ಸಂತೋಷ ಕಂಡೆ.

ಸೀಗಿ ಹುಣ್ಣಿಮೆಯ ಮುಂದೆ ಹಿಂಗಾರಿ ಬಿತ್ತನೆಯ ಗದ್ದಲದಲ್ಲಿ ಅವಳ ಮಾವ ಮಲ್ಲಪ್ಪ ಬಂದ. ರುಮಾಲಿನ ಮೇಲೆಲ್ಲ ಕರಿಮಣ್ಣಿನ ಧೂಳು. ಹೊಲದಿಂದ ನೆಟ್ಟಗೆ ಬಸ್ಸು ಹತ್ತಿದ್ದ. ಕುಳ್ಳಿರೆಂದರೆ ಕುಳಿತುಕೊಳ್ಳಲಿಲ್ಲ.

"ನನ್ನ ಹೇಣ್ತಿಗೆ ಲಕ್ವಾ ಹೊಡದೈತ್ರಿ ಅಕ್ಕೋರ. ಎಡಗೈ, ಎಡಗಾಲು ಏಳವಲ್ವು. ಮಾತು ತಿರಗವಲ್ದು. ಸೊಸೀನ್ನ ಕರಕೊಂಡು ಹೋಗಾಕ ಬಂದೇನಿ."

ನಾನು ಸಮಾಧಾನದ ಮಾತು ಹೇಳಿದೆ. ಆಮೇಲೆ ನಡುವೆ ಬಿಟ್ಟು ಹೋದರೆ ಅವಳ ಜಾಗ ಹೋಗುತ್ತದೆ, ತರಬೇತಿಯ ತಿಂಗಳ ವೇತನ ಹೋಗುತ್ತದೆ, ಪ್ರಮಾಣಪತ್ರ ಸಿಗುವುದಿಲ್ಲ ಎಂದು ಒಂದೊಂದಾಗಿ ತಿಳಿಸಿದೆ. ಮನೆಗೆ ಬೇರೆ ಯಾರನ್ನಾದರೂ ಕರೆಸಿಕೊಳ್ಳಲು ಬರುವುದಿಲ್ಲವೇ ಎಂದು ಕೇಳಿದೆ. ಅವನು ಸಿಟ್ಟಾಗಲಿಲ್ಲ.

"ನೀವು ಹೇಳೂದು ಖರೆ ಐತ್ರಿ. ಮಗಳು ಬಾಣಂತಿ ಅದಾಳ, ಆಕೀನ್ನ ಕರಿಯಾಕ ಬರಾಂಗಿಲ್ಲ. ನಾ ಹೊಲ ಬಿಟ್ರ ಈ ವರ್ಷದ ಜ್ವಾಳ ಹೋಗತೈತಿ. ಆಕೀ ಬಾಯಾಗ ಗಂಜಿ ಯಾರು ಹಾಕಬೇಕು? ಕೂಸನ್ನ ಯಾರು ನೋಡಬೇಕು? ನೀವ ಹೇಳ್ರಿ."

ನಾನು ತಿರುಗಿ ನೋಡಿದೆ. ಹಿಂದೆ ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಾನು ಅವಳನ್ನು ಒಳಗೆ ಕರೆದುಕೊಂಡು ಹೋಗಿ, "ಸ್ವಲ್ಪ ದಿನ ತಡೀಯವಾ. ಪ್ರಾಧ್ಯಾಪಕರು ಬಂದು ಹೋಗ್ಲಿ. ಇಷ್ಟು ಕಷ್ಟಪಟ್ಟು ಬಂದದ್ದು ನೀರಾಗ ಹೋಗ್ತದ. ನಿಮ್ಮತ್ತೀನ ಅಲ್ಲೇನು ನಿನ್ನ ಕಳಿಸಿದ್ದು?" ಎಂದೆ.

"ಹೌದ್ರಿ, ಅದಕ್ಕ ಹೋಗ್ತೇನಿ" ಎಂದಳು. ಕಣ್ಣು ತುಂಬಿ ಬಂದಿತ್ತು. "ಅವರು ಕಳಿಸಲಿಲ್ಲಂದ್ರ ನಾ ಇಲ್ಲಿ ಎಲ್ಲಿರ್ತಿದ್ದೆ? ಮಾವ ಕರೀತಾರಂತ ಹೊಂಟಿಲ್ರಿ ನಾ. ಅವರು ಬರಲಿಲ್ಲಂದ್ರೂ, ಸುದ್ದಿ ಬಂದಿದ್ರ ಹೋಗ್ತಿದ್ದೆ."

ಕಾರಿನಕ್ಕನ ಕಡೆ ನೋಡಿದೆ. ಅವರೊಂದು ಮಾತು ಹೇಳಿದರೆ ಇವಳು ನಿಲ್ಲುತ್ತಾಳೆ ಎಂದು ನನಗೆ ಗಟ್ಟಿಯಾಗಿ ಅನಿಸಿತ್ತು. ಅವರು ನನ್ನ ಮೂಲಕ ಒಂದೇ ಪ್ರಶ್ನೆ ಕೇಳಿದರು: "ಹೋಗಲು ನಮ್ಮಿಂದ ಏನಾದರೂ ಬೇಕೇ?" ನೀಲವ್ವ ತುಸು ಯೋಚಿಸಿ, ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದಂತೆ ಹೇಗೆ ಹೊರಳಿಸಬೇಕು, ತೋರಿಸಿಕೊಡಿ ಎಂದಳು. ಕಾರಿನಕ್ಕ ಅಲ್ಲಿಯೇ ಚಾಪೆಯ ಮೇಲೆ ತಾವೇ ಮಲಗಿ, ನೀಲವ್ವನ ಕೈಯಿಂದ ತಮ್ಮನ್ನು ಹೊರಳಿಸಿ ತೋರಿಸಿದರು. ಮಲ್ಲಪ್ಪ ಬಾಗಿಲಲ್ಲಿ ನಿಂತು ಬೆರಗಿನಿಂದ ನೋಡುತ್ತಿದ್ದ. ಸಂಜೆಯ ಬಸ್ಸಿಗೆ ಮಾವ ಸೊಸೆ ಹೋದರು.

ಆ ದಿನ ನಾನು ಕಾರಿನಕ್ಕನ ಮೇಲೆ ಸಿಟ್ಟಾದೆ. ಅತ್ಯುತ್ತಮ ವಿದ್ಯಾರ್ಥಿನಿಯನ್ನು ಮತ್ತೆ ಒಲೆಯ ಮುಂದೆ ಕಳಿಸಿಬಿಟ್ಟಿರಿ, ಪಾಠದಲ್ಲಿ ಹೇಳುವುದು ಬೇರೆ, ಒಂದು ಹೆಣ್ಣಿನ ಬಾಳು ಬೇರೆ ಎಂದೆ. ಅವರು ಹಾಸಿದ ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿದರು. ಆಮೇಲೆ, "ಆರಿಸುವವರು ಅವರೇ ಎಂದು ಇಷ್ಟು ದಿನ ಹೇಳಿದೆವು. ಅವಳು ನಮಗೆ ಬೇಕಾದ್ದನ್ನು ಆರಿಸಿದರೆ ಮಾತ್ರ ಎಂದು ಹೇಳಿರಲಿಲ್ಲ" ಎಂದರು. ಅವರ ದನಿಯಲ್ಲಿ ಗೆದ್ದ ಸೊಕ್ಕಿರಲಿಲ್ಲ. ನನ್ನಷ್ಟೇ ಅವರಿಗೂ ನೋವಾಗಿತ್ತು. ತಮ್ಮ ತಾಯಿಗೆ ಕಾಯಿಲೆಯಾದಾಗ ತಾವು ಹೋಗಲಿಲ್ಲ, ಅದೂ ತಮ್ಮದೇ ನಿರ್ಧಾರವಾಗಿತ್ತು ಎಂದು ಹೇಳಿ ಎದ್ದುಹೋದರು.

ನವೆಂಬರಿನಲ್ಲಿ ಕರ್ನಾಟಕ ಒಂದಾಯಿತು. ಇಳಕಲ್ಲಿನಲ್ಲಿ ಮಾವಿನ ತೋರಣ ಕಟ್ಟಿದರು, ಓಣಿ ಓಣಿಯಲ್ಲಿ ಪೇಢೆ ಹಂಚಿದರು. ನಮ್ಮ ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು ಮೆರವಣಿಗೆಯಲ್ಲಿ ನಡೆದರು. ಮಾರನೆಯ ದಿನದಿಂದ ಕಾಗದಪತ್ರಗಳು ಮುಂಬಯಿಯ ಬದಲು ಬೆಂಗಳೂರಿಗೆ ಹೋಗಬೇಕಾಯಿತು. ನಮ್ಮ ತರಬೇತಿ ಅಲ್ಲಿ ಯಾರ ಕೈಗೆ ಸೇರಿದ್ದು ಎಂಬುದೇ ಗೊತ್ತಾಗದೆ ಸಾಹೇಬರು ಇನ್ನಷ್ಟು ಬೆವೆತರು. ನೀಲವ್ವನಿಲ್ಲದ ಬಾಲವಾಡಿಯಲ್ಲಿ ಉಳಿದವರು ಶಕ್ತಿಮೀರಿ ದುಡಿಯುತ್ತಿದ್ದರು. ಆದರೆ ಮುದುಕಿಯರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು.

ವಿದೇಶದವರು ಬರುವ ದಿನ ಹತ್ತಿರವಾದಾಗ ಸಾಹೇಬರು ನನ್ನನ್ನು ಕರೆದು, "ಒಂದು ದಿನದ ಮಟ್ಟಿಗೆ ಆ ನೀಲವ್ವನ್ನ ಕರಕೊಂಡು ಬರ್ರಿ. ಮಾವನಿಗೆ ನಾ ಚೀಟಿ ಕೊಡ್ತೇನಿ" ಎಂದರು. ನನಗೂ ಅವಳನ್ನು ನೋಡುವ ಆಸೆಯಿತ್ತು. ಬಾದಾಮಿಯ ಕಡೆ ಹೋಗುವ ಬಸ್ಸು ಹತ್ತಿ ಗುಡೂರಿನಲ್ಲಿ ಇಳಿದೆ. ದಾರಿಯ ಎರಡೂ ಕಡೆ ಬಿಳಿಜೋಳ ಎದೆಯೆತ್ತರ ನಿಂತಿತ್ತು. ನೀಲವ್ವ ಹೇಗಿರಬಹುದೆಂದು ಮನಸ್ಸಿನಲ್ಲಿಯೇ ಚಿತ್ರ ಬಿಡಿಸಿಕೊಂಡಿದ್ದೆ: ಕತ್ತಲೆಯ ಅಡಿಗೆಮನೆ, ಮೂಲೆಯಲ್ಲಿ ನರಳುವ ಮುದುಕಿ, ಸೋತುಹೋದ ಮುಖ.

ಮನೆ ಹುಡುಕುವ ಕಷ್ಟವಿರಲಿಲ್ಲ. ಮಕ್ಕಳ ಗದ್ದಲ ಓಣಿಯ ತುದಿಗೇ ಕೇಳುತ್ತಿತ್ತು. ಪಡಸಾಲೆಯ ನಡುವೆ ಹೊರಸು. ಅದರ ಮೇಲೆ ದಿಂಬಿಗೆ ಒರಗಿದ ಅತ್ತೆ ಗೌರವ್ವ. ಅವಳ ಬಲಗೈಯಲ್ಲಿ ತೊಟ್ಟಿಲ ಹಗ್ಗವಿತ್ತು, ಮೆಲ್ಲಗೆ ಜಗ್ಗುತ್ತಿದ್ದಳು. ತೊಟ್ಟಿಲಲ್ಲಿ ಮಗ್ಗುಲ ಮನೆಯ ಕೂಸು. ಎತ್ತಲಾಗದ ಎಡಗೈಯನ್ನು ಒಂದು ದಂಡು ಮಕ್ಕಳು ಮುತ್ತಿಕೊಂಡು, ಬೆರಳಿಗೊಬ್ಬರಂತೆ ಹಿಡಿದು ಮಡಚಿ ಬಿಡಿಸಿ ಹಾಡು ಹೇಳುತ್ತಿದ್ದವು. ಚನ್ನಿ ಅವಕ್ಕೆಲ್ಲ ನಾಯಕಿ. ನೀಲವ್ವ ಹಿತ್ತಿಲಿನಿಂದ ಕೊಡ ಹೊತ್ತು ಬಂದವಳು ನನ್ನನ್ನು ಕಂಡು ಅಲ್ಲಿಯೇ ನಿಂತಳು.

"ಅಯ್ಯ, ಅಕ್ಕೋರು!"

ಹತ್ತಿ ಬಿಡಿಸಲು, ಕಳೆ ಕೀಳಲು ಹೋಗುವ ಹೆಂಗಸರು ತಮ್ಮ ಮಕ್ಕಳನ್ನು ಇಲ್ಲಿ ಬಿಡುತ್ತಿದ್ದಾರೆ ಎಂದಳು. ಮೊದಲು ಚನ್ನಿಗೆ ಆಟಕ್ಕೆಂದು ಬಂದ ಮಕ್ಕಳು, ಬರಬರುತ್ತ ಇಷ್ಟಾದವು. ಮಕ್ಕಳ ಸದ್ದಿಗೆ ಅತ್ತೆ ಬಾಯಿ ತೆರೆಯಲು ಶುರುಮಾಡಿದ್ದಳು. ಈಗ ಒಂದಿಷ್ಟು ಮಾತು ಬರುತ್ತದೆ, ಆದರೆ ನೀಲವ್ವನನ್ನು ಬಿಟ್ಟು ಬೇರೆ ಯಾರಿಗೂ ತಿಳಿಯುವುದಿಲ್ಲ.

"ಎಲ್ಲಾ ಛಲೋ ಐತಂತ ತಿಳಕೋಬ್ಯಾಡ್ರಿ" ಎಂದಳು ಹಿತ್ತಿಲಿಗೆ ಕರೆದುಕೊಂಡು ಹೋಗಿ. "ಒಂದೊಂದು ದಿನ ಭಾಳ ಬ್ಯಾಸರಾಗತೈತಿ. ಅತ್ತೀ ಮ್ಯಾಲೂ ಒದರಾಡ್ತೇನಿ. ಆಮ್ಯಾಲ ಅವರ ಕಾಲ ತಿಕ್ಕೋತ ಅಳ್ತೇನಿ. ಇಳಕಲ್ ನೆನಪಾಗತೈತ್ರಿ."

ಅವಳು ನಿಜವಾಗಿ ಇಳಿದುಹೋಗಿದ್ದಳು. ನಾನು ಬಂದ ಕಾರಣ ಹೇಳಿದೆ. ಒಳಗಿನ ಹೊರಸಿನ ಕಡೆ ತಿರುಗಿ ನೋಡಿ, "ಒಂದು ದಿನಾನೂ ಬಿಟ್ಟು ಬರಾಕ ಆಗೂದಿಲ್ರಿ. ಅವರ ಮಾತು ಯಾರಿಗೂ ತಿಳಿಯಾಂಗಿಲ್ಲ" ಎಂದಳು. ಮತ್ತೆ ನನ್ನ ಕಡೆ ತಿರುಗಿ, "ನೋಡಾಕ ಬರಾವ್ರು ಬಾದಾಮಿಯಿಂದ ಇದ ಹಾದಿಗೆ ಬರ್ತಾರಲ್ರಿ? ಇಲ್ಲೇ ಇಳಸ್ರಿ ಮತ್ತ" ಎಂದಳು.

ಈ ಮಾತು ಕೇಳಿ ಸಾಹೇಬರು ತಲೆಯ ಮೇಲೆ ಕೈ ಹೊತ್ತರು. ತರಬೇತಿ ಬಿಟ್ಟವಳ ಮನೆಗೆ ಕರೆದೊಯ್ದರೆ ನಮ್ಮ ಸೋಲನ್ನು ನಾವೇ ತೋರಿಸಿದಂತೆ ಎಂದರು. ಸೋಲೋ ಗೆಲುವೋ ನೋಡಿದವರೇ ಹೇಳಲಿ ಎಂದರು ಕಾರಿನಕ್ಕ. ಈ ಸಲ ನಾನು ಅವರ ಜೊತೆ ನಿಂತೆ.

ಎಳ್ಳ ಅಮಾವಾಸ್ಯೆ ಕಳೆದ ಮೇಲೆ ತಂಡ ಬಂತು. ರೈಲಿನಲ್ಲಿ ಬಾದಾಮಿಗೆ ಬಂದು, ಮುಂಜಾನೆಯ ಹೊತ್ತಿನಲ್ಲಿ ಗುಹೆಗಳನ್ನು ನೋಡಿ, ಬಸ್ಸಿನಲ್ಲಿ ಹೊರಟರು. ಗುಡೂರಿನಲ್ಲಿ ಇಳಿದಾಗ ಅರ್ಧ ಊರೇ ಕೂಡಿತ್ತು. ಪಡಸಾಲೆಯಲ್ಲಿ ಜಾಗವಿಲ್ಲದೆ ಪ್ರಾಧ್ಯಾಪಕರು ಗೋಡೆಗೆ ಆತು ನಿಂತರು. ಅವರಲ್ಲಿ ಖಿನ್ ಎಂಬ ಬರ್ಮಾದ ಹೆಂಗಸೊಬ್ಬರಿದ್ದರು. ಅವರು ನಿಲ್ಲದೆ ನೆಟ್ಟಗೆ ಹೋಗಿ ಹೊರಸಿನ ಅಂಚಿನಲ್ಲಿ ಕುಳಿತರು. ಗೌರವ್ವ ಅವರನ್ನು ದಿಟ್ಟಿಸಿ ನೋಡಿ ಏನೋ ತೊದಲಿದಳು. ನೀಲವ್ವ ಅದನ್ನು ತಿಳಿಗನ್ನಡಕ್ಕೆ ತಂದಳು, ನಾನು ಇಂಗ್ಲಿಷಿಗೆ.

"ನಿಮ್ಮ ಊರಾಗ ಜ್ವಾಳ ಬೆಳೀತಾರೇನು ಅಂತ ಕೇಳಾಕತ್ತಾರ್ರಿ."

ನಮ್ಮ ಒಣಸೀಮೆಯಲ್ಲಿಯೂ ಬೆಳೆಯುತ್ತಾರೆ ಎಂದರು ಖಿನ್. ಮಾತು ಮತ್ತೆ ನನ್ನಿಂದ ನೀಲವ್ವನಿಗೆ, ನೀಲವ್ವನಿಂದ ಅತ್ತೆಗೆ ಹೋಯಿತು. ಗೌರವ್ವನ ಅರ್ಧ ಮುಖದಲ್ಲಿ ನಗು ಮೂಡಿತು. "ಹಂಗಂದ್ರ ರೊಟ್ಟಿ ತಿಂತಾರ. ಊಟ ಮಾಡ್ಸಿ ಕಳಸು" ಎಂದಳಂತೆ. ನೀಲವ್ವನ ಬಾಯಿಂದ ಅದನ್ನು ಕೇಳಿ ನೆರೆದವರೆಲ್ಲ ನಕ್ಕರು. ಒಬ್ಬೊಬ್ಬರ ಸಂಗತಿ ಒಬ್ಬರಿಂದ ಒಬ್ಬರಿಗೆ ದಾಟುತ್ತ ಆ ಪಡಸಾಲೆಯಲ್ಲಿ ಆ ದಿನ ನಡೆದ ಮಾತು ನಾನು ಮುಂದೆ ಕಂಡ ಯಾವ ಸಮ್ಮೇಳನದಲ್ಲಿಯೂ ನಡೆಯಲಿಲ್ಲ.

ತಂಡದವರೊಬ್ಬರು ಮಲ್ಲಪ್ಪನನ್ನು ಕೇಳಿದರು: ಸೊಸೆ ಊರಿಗೆ ಇಷ್ಟು ಉಪಯೋಗವಾಗುತ್ತಾಳೆಂದು ಗೊತ್ತಿದ್ದೇ ಕರೆದುಕೊಂಡು ಬಂದಿರಾ? ಸಾಹೇಬರು ಹೌದೆನ್ನು ಎಂಬಂತೆ ಅವನಿಗೆ ಕಣ್ಸನ್ನೆ ಮಾಡಿದರು. ಮಲ್ಲಪ್ಪ ತಲೆಯಾಡಿಸಿದ.

"ಇಲ್ರಿ. ಸುಳ್ಳು ಯಾಕ ಹೇಳ್ಲಿ? ಹೇಣ್ತೀನ್ನ ನೋಡಾಕ ಒಬ್ಬರು ಬೇಕಾಗಿತ್ತು, ಕರಕೊಂಡು ಬಂದೆ. ಉಳದದ್ದೆಲ್ಲಾ ಈಕೀದು. ನನ್ನ ಕೇಳಿದ್ರ ನಾ ಬ್ಯಾಡ ಅಂತಿದ್ದೆ. ಅದಕ್ಕ ಈಕಿ ಕೇಳೇ ಇಲ್ಲ."

ತಂಡದವರು ಮುಂಬಯಿಗೆ ಹಿಂದಿರುಗಿ ಒಳ್ಳೆಯ ಮಾತೇ ಬರೆದರು. ತರಬೇತಿ ಉಳಿಯಿತು. ನೀಲವ್ವನಿಗೆ ಮಾತ್ರ ಪ್ರಮಾಣಪತ್ರ ಸಿಗಲಿಲ್ಲ. ನಾನೂ ಕಾರಿನಕ್ಕನೂ ಹುನಗುಂದಕ್ಕೆ ಎಷ್ಟು ಸಲ ಅಲೆದರೂ, ಅರ್ಧಕ್ಕೆ ಬಿಟ್ಟವರಿಗೆ ಕೊಡಲು ನಿಯಮವಿಲ್ಲ ಎಂಬ ಒಂದೇ ಉತ್ತರ. ಬೇಸಗೆಯಲ್ಲಿ ಕಾರಿನಕ್ಕ ತಮ್ಮ ದೇಶಕ್ಕೆ ಹೊರಟರು. ಅವರ ತಾಯಿ ಇನ್ನೂ ಇದ್ದರು; ಅವರ ಹತ್ತಿರ ಕೆಲವು ತಿಂಗಳಿದ್ದು, ಆಮೇಲೆ ಬರ್ಮಾದಲ್ಲಿ ಕಲಿಸಲು ಹೋಗುವವರಿದ್ದರು. ಓಣಿಯ ಹೆಂಗಸರು ಉಡಿ ತುಂಬಿ ಕಳಿಸಿದರು. ನನಗೆ ಮುಂಬಯಿಯಲ್ಲಿ ಕೆಲಸ ಸಿಗುವಂತಿತ್ತು. ನಾನು ಇಳಕಲ್ಲಿನಲ್ಲಿಯೇ ಉಳಿದೆ.

ಶಿವರಾತ್ರಿಯ ಹೊತ್ತಿಗೇ ಗೌರವ್ವ ತೀರಿಕೊಂಡಿದ್ದಳು. ಮಣ್ಣಿಗೆ ಹೋಗಲು ನನಗೆ ಆಗಿರಲಿಲ್ಲ. ಆಮೇಲೆ ಹೋಗಿ ಮಾತಾಡಿಸಿ ಬಂದಿದ್ದೆ. ಮುಂದೇನು ಎಂದು ನೀಲವ್ವನನ್ನು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಹೊಸ ವರ್ಷದ ತರಬೇತಿ ಜೂನಿನಲ್ಲಿ ಶುರುವಾಗುತ್ತದೆ, ಜಾಗ ಇದೆ ಎಂದಷ್ಟೇ ಹೇಳಿ ಎದ್ದೆ.

ಜೂನ್ ಬಂತು. ಹೊಸ ಹೆಣ್ಣುಮಕ್ಕಳು ಬಂದು ಸೇರಿದರು. ಗುಡೂರಿನಿಂದ ಸುದ್ದಿಯಿಲ್ಲ. ಮಳೆ ಹನಿಯುತ್ತಿದ್ದ ಒಂದು ಮುಂಜಾನೆ ಬಾಗಿಲಲ್ಲಿ ನಿಂತಿದ್ದೆ. ಬಸ್ಸು ಬಂದು ಹೋದ ಸದ್ದಾಗಿ ತುಸು ಹೊತ್ತಿನ ಮೇಲೆ ಓಣಿಯ ತಿರುವಿನಲ್ಲಿ ನೀಲವ್ವ ಕಾಣಿಸಿದಳು. ಚನ್ನಿಯ ಕೈ ಹಿಡಿದು, ಕೆಸರು ತಪ್ಪಿಸುತ್ತ ಮುಂದೆ ಮುಂದೆ ಬರುತ್ತಿದ್ದಳು. ಅವಳ ಹಿಂದೆ ತಲೆಯ ಮೇಲೆ ದೊಡ್ಡ ಗಂಟು ಹೊತ್ತುಕೊಂಡು ಮಲ್ಲಪ್ಪ. ಸೊಸೆಯ ಗಂಟು ಹೊತ್ತು ಮಾವ ಹಿಂದೆ ನಡೆಯುವುದನ್ನು ಆ ಓಣಿ ಎಂದೂ ನೋಡಿರಲಿಲ್ಲ. ಎದುರು ಮನೆಯ ಮುದುಕಿ ಕೈಯಲ್ಲಿನ ನೂಲು ಬಿಟ್ಟು ಹೊರಗೆ ಬಂದಳು.

ಅವನು ಗಂಟನ್ನು ಕಟ್ಟೆಯ ಮೇಲೆ ಇಳಿಸಿ ರುಮಾಲಿನಿಂದ ಮುಖ ಒರೆಸಿಕೊಂಡ.

"ಸೊಸೀನ್ನ ಕರಕೊಂಡು ಬಂದ್ರೇನು ಮಲ್ಲಪ್ಪನವರ?" ಎಂದೆ.

"ನಾ ಎಲ್ಲಿ ಕರಕೊಂಡು ಬರ್ಲಿ ಅಕ್ಕೋರ" ಎಂದ ಅವನು. "ಆಕೀ ಬಂದಾಳ. ಗಂಟು ಒಜ್ಜಿ ಇತ್ತು, ನಾ ಹೊತ್ಕೊಂಡು ಬಂದೇನಿ."